ಬಳೆ ತಿರುಗಿಸಿ ನೋಡಿದ ಮೇಲೆ

ಹೋದ ವರ್ಷ ಒಂದು ಬೆಳಿಗ್ಗೆ ಕಾವಲಿಯ ಮೇಲೆ ಆಗಷ್ಟೇ ದೋಸೆ ಹುಯ್ದಿದ್ದೆ, ಫೋನು ಬಡಿದುಕೊಂಡಿತು. ಅಮೆರಿಕದ ಓಹಾಯೋದಿಂದ ಮಗಳು. “ಅಮ್ಮಾ, ಸೀಟು ಸಿಕ್ತು! ಸೈಕಾಲಜಿಯಲ್ಲಿ ಡಾಕ್ಟರೇಟ್!” ದೋಸೆ ಸೀದು ಕರಕಲಾಯಿತೆಂದು ಬೇರೆ ಹೇಳಬೇಕಿಲ್ಲ.

ಮದುವೆಗೆ ಮುಂಚೆ ಮೈಸೂರಿನಲ್ಲಿ ಎಂ.ಎ. ಮಾಡಿದ್ದವಳು. ಅಳಿಯನ ಕೆಲಸಕ್ಕೆಂದು ಅಲ್ಲಿಗೆ ಹೋದ ಮೇಲೆ ನಾಲ್ಕು ವರ್ಷ ಅಡಿಗೆ, ಮಗು, ಹಿಮ ಎಂದೇ ಕಳೆದಿತ್ತು. ಮನಸ್ಸು ಕೆಟ್ಟವರಿಗೆ ಚಿಕಿತ್ಸೆ ಕೊಡುವ ಕೆಲಸ ಮಾಡಬೇಕು ಅನ್ನೋದು ಅವಳ ಹಳೇ ಆಸೆ. ನಾನು ಸಂಜೆಯೊಳಗೆ ಬೀದಿಗೆಲ್ಲ ಸಕ್ಕರೆ ಹಂಚಿಬಿಟ್ಟೆ.

ಎರಡು ದಿನ ಬಿಟ್ಟು ಮಾತಾಡಿದಾಗ ಅವಳ ದನಿ ಇಳಿದಿತ್ತು. ಅಲ್ಲೇ ಸೈಕಾಲಜಿಸ್ಟ್ ಆಗಿರುವ ಕನ್ನಡದ ಹೆಂಗಸೊಬ್ಬರು ಒಂದೇ ಪ್ರಶ್ನೆ ಕೇಳಿದರಂತೆ: “ಆ ಕೋರ್ಸಿಗೆ ಎ.ಪಿ.ಎ. ಮಾನ್ಯತೆ ಇದೆಯಾ?”

“ಮಾನ್ಯತೆ ಇದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ ಅಂದ್ಯಲ್ಲೇ. ಸಿಕ್ಕಿದ್ದನ್ನ ಬಿಡಬೇಡ. ನಿನಗೂ ಮೂವತ್ತೆರಡಾಯ್ತು” ಅಂದೆ. ಆ ಮಾತು ಆಡಬಾರದಿತ್ತು. ಅದು ನನ್ನ ಬಾಯಿಂದ ಬಂದದ್ದಕ್ಕೆ ಕಾರಣ ತಿಳಿವಳಿಕೆಯಲ್ಲ, ಬೀದಿಗೆ ಹಂಚಿದ ಸಕ್ಕರೆ.

ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅಲ್ಲಿ ಮಾನ್ಯತೆ ಎರಡು ಥರ. ಒಂದು ಇಡೀ ವಿದ್ಯಾಸಂಸ್ಥೆಗೆ, ಇನ್ನೊಂದು ಆ ಕೋರ್ಸಿಗೆ. ನಮ್ಮೂರ ಚಿನ್ನದಂಗಡಿಗೆ ಪುರಸಭೆಯ ಲೈಸೆನ್ಸ್ ಇದೆ, ಕಟ್ಟು ಹಾಕಿಸಿ ಗೋಡೆಗೂ ತೂಗುಹಾಕಿದ್ದಾರೆ. ಅಷ್ಟಕ್ಕೇ ಬಳೆ 22 ಕ್ಯಾರೆಟ್ಟಿನದೆಂದು ನಂಬುತ್ತೀರಾ? ಒಳಮೈ ತಿರುಗಿಸಿ ಹಾಲ್‌ಮಾರ್ಕ್ ಹುಡುಕುತ್ತೀರಿ ತಾನೆ? ಆ ಕಾಲೇಜು ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದು ಅಂಗಡಿಯ ಲೈಸೆನ್ಸು. ಬಳೆಗೆ ಮುದ್ರೆ ಇರಲಿಲ್ಲ.

ಈ ಮುದ್ರೆ ಒತ್ತುವುದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್, ಅಂದರೆ ಎ.ಪಿ.ಎ. ಎರಡನೇ ಮಹಾಯುದ್ಧ ಮುಗಿದು ಮನಸ್ಸು ನೊಂದ ಸೈನಿಕರು ಊರಿಗೆ ಮರಳಿದಾಗ ತಜ್ಞರು ಬೇಕಾದರು. ಯಾರು ಸರಿಯಾಗಿ ಕಲಿಸುತ್ತಾರೆ ಎಂದು ತಿಳಿಯಬೇಕಾಯಿತು. 1948ರಿಂದ ಈ ಪದ್ಧತಿ ನಡೆದುಬಂದಿದೆ. ಕ್ಲಿನಿಕಲ್, ಕೌನ್ಸೆಲಿಂಗ್, ಸ್ಕೂಲ್ ಸೈಕಾಲಜಿಯಂಥ ಚಿಕಿತ್ಸೆಯ ಕೋರ್ಸುಗಳಿಗೆ ಇದು ಬೇಕು. ಪಾಠ ಹೇಳುವುದು, ಸಂಶೋಧನೆ ಮಾಡುವುದು ಅಷ್ಟೇ ಸಾಕೆನ್ನುವವರ ಸೋಷಿಯಲ್ ಸೈಕಾಲಜಿಯಂಥ ವಿಭಾಗಗಳಿಗೆ ಎ.ಪಿ.ಎ. ಮಾನ್ಯತೆ ಕೊಡುವುದೇ ಇಲ್ಲ, ಅಂಥವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮುದ್ರೆ ಇಲ್ಲದಿದ್ದರೆ ಏನಾಗುತ್ತದೆ? ಮಗಳು ಸೇರಬೇಕೆಂದಿದ್ದ ಕಾಲೇಜಿನಂಥದೇ ಇನ್ನೊಂದರಲ್ಲಿ ಓದಿದ ನಮ್ಮ ಕಡೆಯ ಹುಡುಗಿಯೊಬ್ಬಳು ಅಲ್ಲಿದ್ದಾಳೆ. ಹೆಸರು ಬೇಡ. ಸಾಲ ಮಾಡಿ ಓದಿದಳು. ಡಾಕ್ಟರೇಟ್ ಮುಗಿಯುವ ಮೊದಲು ಒಂದು ವರ್ಷ ಆಸ್ಪತ್ರೆಯಲ್ಲೋ ಕ್ಲಿನಿಕ್ಕಿನಲ್ಲೋ ಇಂಟರ್ನ್‌ಶಿಪ್ ಮಾಡಬೇಕು. ಬಹಳ ಕಡೆ ಮಾನ್ಯತೆಯ ಕೋರ್ಸಿನವರನ್ನೇ ಕರೆಯುತ್ತಾರೆ; ಇವಳು ಸಂಬಳವಿಲ್ಲದ ಜಾಗದಲ್ಲಿ ದುಡಿದಳು. ಆಮೇಲೆ ಲೈಸೆನ್ಸ್. ಅದನ್ನು ಕೊಡುವುದು ಆಯಾ ರಾಜ್ಯದ ಮಂಡಲಿ. ಕೆಲವು ರಾಜ್ಯಗಳಲ್ಲಿ, ನಿಮ್ಮ ಓದು ಮಾನ್ಯತೆಯ ಓದಿಗೆ ಸಮ ಎಂದು ಒಂದೊಂದೇ ಪಾಠಕ್ಕೂ ಕಾಗದ ತೋರಿಸಬೇಕು. ಗಂಡನ ಕೆಲಸ ಬೇರೆ ರಾಜ್ಯಕ್ಕೆ ಬಿತ್ತೋ, ಮತ್ತೆ ಮೊದಲಿನಿಂದ. ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಂತೂ ಎ.ಪಿ.ಎ. ಅಥವಾ ಅದಕ್ಕೆ ಸಮನಾದ ಮಾನ್ಯತೆ ಇಲ್ಲದವರನ್ನು ಸೈಕಾಲಜಿಸ್ಟ್ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ಆ ಹುಡುಗಿ ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಂಡು ಈಗ ಒಂದು ಕಚೇರಿಯಲ್ಲಿ ಫೈಲು ನೋಡುತ್ತಾಳೆ.

ಮಗಳು ಕಾಲೇಜಿಗೇ ಫೋನು ಮಾಡಿ ಕೇಳಿದಳು. “ಅರ್ಜಿ ಹಾಕೋ ಯೋಚನೆ ಇದೆ, ನೀವು ಮುಗಿಸೋ ಹೊತ್ತಿಗೆ ಬಂದುಬಿಡುತ್ತೆ” ಅಂದರಂತೆ. ಹುಡುಗನಿಗೆ ಕೆಲಸ ಇನ್ನೇನು ಖಾಯಂ ಆಗುತ್ತೆ ಅಂತ ಹೆಣ್ಣು ಕೇಳಲು ಬರುವವರ ಮಾತು! ಅರ್ಜಿ ಹಾಕುವುದು ಬೇರೆ, ಮಾನ್ಯತೆ ಸಿಗುವುದು ಬೇರೆ.

ಹಣ ಕಟ್ಟುವ ಕೊನೆಯ ದಿನ ಅವಳು ಸೀಟು ಬಿಟ್ಟಳು. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯವರು ಮಾತ್ರ “ಅವಳೇನು ಮಗುವೇ? ಸುಮ್ಮನಿರು” ಅಂದು ಪೇಪರು ತಿರುವಿದರು.

ಈಗ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅರ್ಧ ದಿನ ಸಹಾಯಕಿಯಾಗಿದ್ದಾಳೆ. ಅನುಭವಕ್ಕೆ ಅನುಭವ, ಶಿಫಾರಸು ಪತ್ರಕ್ಕೂ ದಾರಿ. ಪಿಎಚ್.ಡಿ. ಮತ್ತು ಸೈ.ಡಿ. ಎರಡಕ್ಕೂ ಎ.ಪಿ.ಎ. ಮಾನ್ಯತೆ ಸಿಗುತ್ತದಂತೆ. ಪಿಎಚ್.ಡಿ.ಗೆ ಸೀಟು ಬೆರಳೆಣಿಕೆ, ಆದರೆ ಬಹಳ ಕಡೆ ಫೀಸು ಮಾಫಿ, ಮೇಲೆ ಭತ್ಯೆ. ಸೈ.ಡಿ.ಗೆ ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು.

ನನಗೆ ಬಹಳ ಹಿಡಿಸಿದ್ದು ಒಂದು ನಿಯಮ. ಮಾನ್ಯತೆ ಪಡೆದ ಕೋರ್ಸಿನವರು ತಮ್ಮ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲೇಬೇಕು: ಮುಗಿಸಲು ಎಷ್ಟು ವರ್ಷ ಹಿಡಿಯಿತು, ಖರ್ಚೆಷ್ಟು, ನಡುವೆ ಬಿಟ್ಟವರೆಷ್ಟು, ಇಂಟರ್ನ್‌ಶಿಪ್ ಸಿಕ್ಕಿದ್ದು ಎಷ್ಟು ಜನಕ್ಕೆ, ಲೈಸೆನ್ಸ್ ಎಷ್ಟು ಜನಕ್ಕೆ. ಮಗಳು ಓದಿ ಹೇಳುತ್ತಾಳೆ, ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೀಟು ಹಾಕಿ ಬರೆದುಕೊಳ್ಳುತ್ತೇನೆ. ನಡುವೆ ಬಿಟ್ಟವರು ಹೆಚ್ಚಿರುವ ಕಡೆ ಕೆಂಪು ಗುರುತು. “ಅಮ್ಮ, ನೀನೇ ಅರ್ಜಿ ಹಾಕು” ಅಂತ ನಗುತ್ತಾಳೆ.

ಮೊನ್ನೆ ಎದುರುಮನೆಯಾಕೆ ಕೇಳಿದರು, “ಮಗಳು ಡಾಕ್ಟರ್ ಓದ್ತಿದಾಳಾ?”

“ಇನ್ನೂ ಸೇರಿಲ್ಲ, ಡಿಸೆಂಬರಿನಲ್ಲಿ ಅರ್ಜಿ ಹಾಕ್ತಾಳೆ” ಅಂದೆ.

“ಮತ್ತೆ ಆವತ್ತಿನ ಸಕ್ಕರೆ?”

“ಅದು ಬಾಯಾರೆ ತಿಂದಾಯ್ತಲ್ಲ, ಇನ್ನೊಂದು ಸಲ ಕೊಡ್ತೀನಿ ಬಿಡಿ” ಅಂದು ಒಳಗೆ ಬಂದೆ.