ಮೂರು ಶವರಿಗೆ ಎಷ್ಟಿಂಚಿನ ಪೈಪು?

ಬೆಂಗಳೂರು

ಪ್ರೀತಿಯ ತಮ್ಮನಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಬಚ್ಚಲುಮನೆಯ ನಕ್ಷೆ ನೋಡಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಊರಲ್ಲಿ ನೆಟ್‌ವರ್ಕ್ ಬೇರೆ ಕೈಕೊಡುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೆತ್ತಿಯ ಮೇಲೊಂದು ರೇನ್ ಶವರ್, ಪಕ್ಕದಲ್ಲಿ ಹ್ಯಾಂಡ್ ಶವರ್, ಗೋಡೆಯಿಂದ ನಾಲ್ಕು ಬಾಡಿ ಜೆಟ್. ನಮ್ಮೂರು ಗುಮ್ಮಳಾಪುರದ ಮಟ್ಟಿಗೆ ಅರಮನೆಯೇ ಬಿಡು. ಅವ್ವ ಹಂಡೆಯ ಒಲೆ ಊದಿ ಊದಿ ಕಣ್ಣುಜ್ಜಿಕೊಳ್ಳುತ್ತಿದ್ದದ್ದನ್ನು ನೋಡಿ ಬೆಳೆದವನು ನೀನು, ಆಸೆಪಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಪ್ಲಂಬರು "ಎಲ್ಲಾ ಕಡೆ ಮುಕ್ಕಾಲು ಹಾಕ್ತೀನಿ, ಗೋಡೆ ಒಳಗೆ ಅರ್ಧ ಸಾಕು" ಅಂದದ್ದಕ್ಕೆ ಹೂಂ ಅನ್ನುವ ಮೊದಲು ಇದನ್ನು ಪೂರ್ತಿ ಓದು. ಅಪಾರ್ಟ್‌ಮೆಂಟುಗಳ ನೀರಿನ ಲೈನಿನ ನಕ್ಷೆ ಬರೆದೇ ನಾನು ಇಲ್ಲಿ ಹೊಟ್ಟೆ ಹೊರೆಯುತ್ತಿರುವುದು, ಅಷ್ಟಾದರೂ ನಂಬು.

ಪೈಪಿನ ಮಾತು ಆಮೇಲೆ. ಮೊದಲು ಟ್ಯಾಂಕಿನ ಎತ್ತರ ನೋಡು. ತಾರಸಿ 10 ಅಡಿ, ಅದರ ಮೇಲೆ ಸ್ಟ್ಯಾಂಡ್ 4 ಅಡಿ. ರೇನ್ ಶವರ್ ಇರುವುದು ನೆಲದಿಂದ 7 ಅಡಿಯಲ್ಲಿ. ಅಂದರೆ ಶವರಿನ ಮೇಲೆ ನಿಂತಿರುವ ನೀರು ಬರೀ 7 ಅಡಿ, 2.1 ಮೀಟರ್. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ನಿನಗೆ ಸಿಗುವುದು 0.2. ಶವರಿನ ಡಬ್ಬದ ಮೇಲೆ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ 3 ಬಾರಿನ ಲೆಕ್ಕ. ಅಲ್ಲಿ 12 ಲೀಟರ್ ಸುರಿಸುವ ಶವರು ನಮ್ಮನೆಯಲ್ಲಿ 3 ಲೀಟರ್ ತೊಟ್ಟಿಕ್ಕಿಸೀತು. ಹೋಟೆಲಿನ ಶವರು ನೋಡಿ ಮರುಳಾದವರೆಲ್ಲ ಎಡವುವುದು ಇಲ್ಲೇ. ಅಲ್ಲಿ ಹಿಂದೆಲ್ಲೋ ಪಂಪು ಕೂತಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಈಗ ಪೈಪು. ಅಂಗಡಿಯಲ್ಲಿ ಅರ್ಧ ಇಂಚಿನ ಸಿಪಿವಿಸಿ ತುಂಡೊಂದನ್ನು ಕೈಗೆತ್ತಿಕೊಂಡು ಕತ್ತರಿಸಿದ ಬಾಯಿ ನೋಡು. ಎಸ್‌ಡಿಆರ್ 11 ಬಗೆಯ ಪೈಪಾದರೆ ಹೊರಗಿನ ಅಳತೆ 16 ಮಿಲಿಮೀಟರ್ ಇದ್ದರೂ ಒಳಗೆ ನೀರು ಹೋಗುವ ತೂತು 12 ಚಿಲ್ಲರೆ. ಮುಕ್ಕಾಲಿಂಚಿಗೆ 18, ಒಂದಿಂಚಿಗೆ 23. ನೋಡುವುದಕ್ಕೆ ದೊಡ್ಡ ವ್ಯತ್ಯಾಸವಲ್ಲ. ಆದರೆ ಮೂರನ್ನೂ ಒಟ್ಟಿಗೆ ತಿರುಗಿಸಿ ನಿಮಿಷಕ್ಕೆ 30 ಲೀಟರ್ ಬೇಕು ಅಂದುಕೋ. ಟ್ಯಾಂಕಿನಿಂದ ಬಚ್ಚಲಿಗೆ 10 ಮೀಟರ್ ಪೈಪು. ಅಷ್ಟು ನೀರು ಹರಿಯುವಾಗ ಒಂದಿಂಚು ಪೈಪು ತಿಕ್ಕಾಟಕ್ಕೆ ನುಂಗುವ ಎತ್ತರ 0.7 ಮೀಟರ್. ಮುಕ್ಕಾಲು ನುಂಗುವುದು 2.3, ನಿನ್ನ ಹತ್ತಿರ ಇರುವುದೇ 2.1! ಅರ್ಧ ಇಂಚಿಗೆ ಸುಮಾರು 15 ಮೀಟರ್ ಬೇಕು. ಟ್ಯಾಂಕನ್ನು ಐದನೇ ಮಹಡಿಯ ಮೇಲೆ ಇಟ್ಟ ಹಾಗೆ. ಎಲ್ಬೋ, ವಾಲ್ವ್, ಮಿಕ್ಸರುಗಳ ಪಾಲನ್ನು ಇನ್ನೂ ಸೇರಿಸಿಲ್ಲ.

ಪ್ರೆಷರ್ ಪಂಪು ಇಟ್ಟರಾಯಿತಲ್ಲ ಅನ್ನುತ್ತೀಯ. ನಿಜ. ಪಂಪು 15 ಮೀಟರಿನ ಒತ್ತಡ ಕೊಟ್ಟರೆ ಮುಕ್ಕಾಲಿಂಚು ನುಂಗುವ 2.3 ಲೆಕ್ಕಕ್ಕೇ ಬರುವುದಿಲ್ಲ, ಪ್ಲಂಬರು ಹೇಳಿದ್ದೇ ಸರಿಯಾಗುತ್ತದೆ. ಆದರೆ ಬಿಸಿನೀರಿಗೆ ನಿನ್ನದು ಗಾಜಿನ ಕೊಳವೆಯ ಸೋಲಾರ್, ಒತ್ತಡ ತಡೆಯದ ಬಗೆಯದು. ತಣ್ಣೀರಿನ ಲೈನಿಗೆ ಮಾತ್ರ ಪಂಪು ಕೂರಿಸಿದರೆ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ನೀನು ಕೆಳಗೆ ನಡುಗುತ್ತಿರುತ್ತೀಯ, ಮೇಲೆ ಸೋಲಾರಿನ ಏರ್ ಪೈಪಿನಿಂದ ನೀರು ಸೋರುತ್ತಿರುತ್ತದೆ. ಸೋಲಾರಿನ ಮುಂದೆ ಪಂಪಿಟ್ಟು ಒಳಕ್ಕೆ ಒತ್ತಿದರೆ ಅದರ ಟ್ಯಾಂಕೇ ಬಿರಿಯಬಹುದು. ಮಾಡುವುದಾದರೆ ಬಿಸಿ, ತಣ್ಣೀರು ಎರಡಕ್ಕೂ ಟ್ಯಾಂಕಿನಿಂದ ಹೊರಬಂದ ಮೇಲೆ ಸಮನಾದ ಒತ್ತಡ ಕೊಡಬೇಕು, ಕರೆಂಟು ಹೋದಾಗ ನೀರು ತಾನಾಗಿ ಇಳಿಯಲು ಬೈಪಾಸೂ ಅದರಲ್ಲೊಂದು ಚೆಕ್ ವಾಲ್ವೂ ಇರಬೇಕು. ಆದ್ದರಿಂದ ಈಗಲೇ ಪಂಪು ಬೇಡ. ಮೇಲೆ ಜಾಗ ಬಿಟ್ಟು ಬಿಚ್ಚಿ ಜೋಡಿಸುವ ಯೂನಿಯನ್ ಹಾಕಿಸಿಡು, ಹತ್ತಿರದಲ್ಲೊಂದು ಪ್ಲಗ್ ಪಾಯಿಂಟ್ ಇರಲಿ. ಪಂಪನ್ನು ಎಂದಾದರೂ ತರಬಹುದು, ಗೋಡೆಯೊಳಗಿನ ಪೈಪು ಬದಲಿಸಬೇಕಾದರೆ ಟೈಲ್ಸ್ ಒಡೆಯಬೇಕು.

ನನ್ನ ತೀರ್ಮಾನ ಇದು. ಟ್ಯಾಂಕಿನಿಂದ ಒಂದೂಕಾಲು ಇಂಚು ಇಳಿಸು, ಅಡುಗೆಮನೆಯ ಕವಲು ಒಡೆದ ಮೇಲೆ ಬಚ್ಚಲಿಗೆ ತಣ್ಣೀರು ಒಂದಿಂಚು. ಬಿಸಿನೀರಿಗೆ ಮುಕ್ಕಾಲು. ಅದಕ್ಕೂ ಒಂದಿಂಚು ಯಾಕಲ್ಲ ಅಂತ ಕೇಳುತ್ತೀಯ. ಬೇಸಗೆಯಲ್ಲಿ ಬರೀ ತಣ್ಣೀರಿನಲ್ಲೇ ಮೀಯುತ್ತೀರಿ, ಇಡೀ ಹೊರೆ ಆ ಪೈಪಿನ ಮೇಲೇ ಬೀಳುತ್ತದೆ. ಬಿಸಿನೀರು ಹೆಚ್ಚೆಂದರೆ ಅರ್ಧ ಪಾಲು. ಅರ್ಧ ನೀರಿಗೆ ಮುಕ್ಕಾಲಿಂಚು ನುಂಗುವುದು ಸುಮಾರು 0.6 ಮೀಟರ್, ಇಡೀ ಹೊರೆಗೆ ಒಂದಿಂಚು ನುಂಗುವಷ್ಟೇ ಹೆಚ್ಚುಕಡಿಮೆ. ಇನ್ನೊಂದು, ರಾತ್ರಿಯಿಡೀ ಪೈಪಿನಲ್ಲಿ ನಿಂತು ಆರಿದ ನೀರು ಹೊರಗೆ ಬಂದ ಮೇಲೆ ತಾನೆ ಬಿಸಿ ಬರುವುದು? 10 ಮೀಟರಿಗೆ ಮುಕ್ಕಾಲಿಂಚಿನಲ್ಲಿ ಎರಡೂವರೆ ಲೀಟರ್ ಮೇಲೆ ನಿಲ್ಲುತ್ತದೆ, ಒಂದಿಂಚಿನಲ್ಲಿ ನಾಲ್ಕರ ಮೇಲೆ. ನಮ್ಮ ಕಡೆಯ ಡಿಸೆಂಬರ್ ಚಳಿಯಲ್ಲಿ ಆ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಬಿಸಿನೀರಿನ ಪೈಪಿಗೆ ತಾರಸಿಯ ಮೇಲೆ ಹೊದಿಕೆ ಸುತ್ತಿಸು. ಅರ್ಧ ಇಂಚು ಇರಬೇಕಾದ್ದು ಶವರ್ ಕೂರುವ ಹಿತ್ತಾಳೆ ಎಲ್ಬೋದಲ್ಲಿ ಮಾತ್ರ, ಅದಕ್ಕೆ ಮುಂಚೆ ಒಂದು ಗೇಣೂ ಬೇಡ. ಡೈವರ್ಟರ್ ಕೊಳ್ಳುವಾಗಲೂ ಬಾಯಿ ನೋಡಿ ಕೊಳ್ಳು. ಹೊರಗೆ ಫಳಫಳ ಹೊಳೆದು ಒಳಗೆ ಪೆನ್ನಿನ ಗಾತ್ರದ ತೂತಿದ್ದರೆ ಒಂದಿಂಚಿನ ಪೈಪು ಹಾಕಿಯೂ ದಂಡ.

ಬಾಡಿ ಜೆಟ್ ಬೇಡ ಕಣೋ. ನಾಲ್ಕಕ್ಕೂ ಒತ್ತಡ ಸಮನಾಗಿ ಸಿಗಬೇಕಾದರೆ ಗೋಡೆಯೊಳಗೆ ಪೈಪನ್ನು ಬಳೆಯ ಹಾಗೆ ಸುತ್ತಿ ಕೂಡಿಸಬೇಕು, ಅಷ್ಟು ಮಾಡಿದರೂ ಇಷ್ಟು ಕಡಿಮೆ ಒತ್ತಡಕ್ಕೆ ಅದು ಗೋಡೆ ಒದ್ದೆ ಮಾಡುತ್ತದೆಯೇ ಹೊರತು ಮೈಗೆ ತಾಗುವುದಿಲ್ಲ. ಬೋರ್‌ವೆಲ್ ನೀರಿನ ಗಡಸು ನಿನಗೆ ನಾನು ಹೇಳಬೇಕೆ, ಬಕೆಟ್ಟಿಗೂ ಬಿಳಿ ಪದರ ಕಟ್ಟುತ್ತದೆ. ಸಣ್ಣ ತೂತುಗಳು ಮೊದಲು ಮುಚ್ಚಿಕೊಳ್ಳುತ್ತವೆ. ರೇನ್ ಶವರ್ ಕೂಡ ರಬ್ಬರಿನಂಥ ಸಿಲಿಕೋನ್ ತೊಟ್ಟುಗಳಿರುವುದನ್ನು, ಕಡಿಮೆ ಒತ್ತಡಕ್ಕೆ ಮಾಡಿದ್ದನ್ನು ತಾ. ಹೆಬ್ಬೆರಳಲ್ಲಿ ಉಜ್ಜಿದರೆ ಉಪ್ಪು ಉದುರುತ್ತದೆ.

ನೀರಿನ ಲೆಕ್ಕವನ್ನೂ ಒಂದು ಸಲ ಯೋಚಿಸು. ಜಲಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟಿದ್ದಾರೆ. ನಿಮಿಷಕ್ಕೆ 30 ಲೀಟರ್ ಅಂದರೆ ಎರಡು ನಿಮಿಷದೊಳಗೆ ಅದು ಖಾಲಿ. ಹತ್ತು ನಿಮಿಷ ನಿಂತರೆ ಬಿಸಿನೀರೇ 150 ಲೀಟರ್ ಹೋಗುತ್ತದೆ. 200 ಲೀಟರಿನ ಸೋಲಾರಿನಲ್ಲಿ ಎರಡನೆಯವರಿಗೆ ಉಳಿಯುವುದು ಎಷ್ಟು ನೀನೇ ಹೇಳು. ಮೋಡದ ದಿನಕ್ಕೆ ಅಂತ 25 ಲೀಟರಿನ ಗೀಸರ್ ಹೇಳಿದ್ದೀಯಲ್ಲ, ಅದು ಸೋಪು ಹಚ್ಚುವಷ್ಟರಲ್ಲಿ ಮುಗಿಯುತ್ತದೆ.

ಹ್ಯಾಂಡ್ ಶವರನ್ನು ಮಾತ್ರ ಬಿಡಬೇಡ, ನನ್ನ ಕೇಳಿದರೆ ಇಡೀ ಬಚ್ಚಲಿನಲ್ಲಿ ಬೆಲೆ ಬಾಳುವುದು ಅದೊಂದೇ. ಅಪ್ಪನಿಗೆ ಮಂಡಿ ಮಡಚಲು ಆಗುತ್ತಿಲ್ಲ, ಸ್ಟೂಲಿನ ಮೇಲೆ ಕೂತೇ ಮೀಯಬೇಕು. ಕೂತವರ ಕೈಯಲ್ಲಿ ಅದು ಸುಮಾರು 3 ಅಡಿ ಎತ್ತರದಲ್ಲಿರುತ್ತದೆ. ಆಗ ಮೇಲಿನ ನೀರು 7 ಅಡಿಯಲ್ಲ, 11. ನಿನ್ನ ರೇನ್ ಶವರಿಗಿಂತ ಒಂದೂವರೆ ಪಟ್ಟು ಒತ್ತಡ ಪುಕ್ಕಟೆಯಾಗಿ ಅಪ್ಪನಿಗೆ! ಅದರ ಕೊಕ್ಕೆಯನ್ನು ಕೂತವರ ಕೈಗೆಟುಕುವಷ್ಟು ತಗ್ಗಿಸಿ ಹೊಡೆಸು, ಮಿಕ್ಸರಿನ ಹಿಡಿಯೂ ಅಲ್ಲೇ ಇರಲಿ. ಪಕ್ಕದಲ್ಲಿ ಗಟ್ಟಿಯಾದ ಸ್ಟೀಲ್ ಹಿಡಿಕೆ. ಅಪ್ಪ "ನನಗ್ಯಾಕೆ ಇದೆಲ್ಲ, ಚೊಂಬು ಸಾಕು" ಅಂತಾರೆ. ಅನ್ನಲಿ, ನೀನು ಹಾಕಿಸು.

ನೀರು ಹೋಗುವ ದಾರಿಗೆ 3 ಇಂಚಿನ ಪೈಪು, ನೆಲದ ಇಳಿಜಾರು ಟ್ರ್ಯಾಪಿನ ಕಡೆಗೆ, ಅಪ್ಪನ ಸ್ಟೂಲಿನ ಕಡೆಗಲ್ಲ. ಗಾರೆ ಮೆತ್ತುವ ಮುಂಚೆ ಲೈನಿನ ಬಾಯಿಗಳನ್ನೆಲ್ಲ ಮುಚ್ಚಿಸಿ, ಟೆಸ್ಟಿಂಗ್ ಪಂಪಿನಲ್ಲಿ ಒತ್ತಡ ಕೊಟ್ಟು, ಅದರ ಮೀಟರಿನ ಮುಳ್ಳು ಇಳಿಯುತ್ತದೆಯೇ ಅಂತ ನೀನೇ ನಿಂತು ನೋಡು. ಪ್ಲಂಬರಿಗೆ ಬೇಜಾರಾದರೆ ಆಗಲಿ. ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದು ನನಗೂ ಕಳಿಸು, ಮುಂದೆ ಯಾರೋ ಟವೆಲ್ ರಾಡಿಗೆ ಡ್ರಿಲ್ ಹೊಡೆಯುವಾಗ ಬೇಕಾಗುತ್ತದೆ. ಟೈಲ್ಸ್ ಬಣ್ಣ ಮಾತ್ರ ನನ್ನನ್ನು ಕೇಳಬೇಡ, ಅದು ನಿನ್ನ ಹೆಂಡತಿಯ ಇಲಾಖೆ.

ಇಂತಿ,
ನಿನ್ನ ಅಕ್ಕ