ಗೌರಮ್ಮನ ಕೈಯಲ್ಲಿದ್ದ ಪುಸ್ತಕ

ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿ ಮುಗಿಸಿದ ಮೇಲೆ, ಕೊಡಗಿನ ಆ ಕೊನೆಯ ಅರಸನ ಮಗಳು ಮುಂದೆ ಏನಾದಳು ಎಂದು ಹುಡುಕುತ್ತಿದ್ದೆ. ಆಗ ಸಿಕ್ಕಿದ್ದು 1852ರ ಒಂದು ತೈಲಚಿತ್ರ. ಹನ್ನೊಂದು ವರ್ಷದ ಗೌರಮ್ಮ ನಮ್ಮ ದೇಶದ ಉಡುಪಿನಲ್ಲಿದ್ದಾಳೆ, ಒಡವೆ ತೊಟ್ಟಿದ್ದಾಳೆ. ಕೈಯಲ್ಲಿ ಮಾತ್ರ ಬೈಬಲ್.

ಬರೆದವನು ಫ್ರಾಂಜ್ ಕ್ಸಾವರ್ ವಿಂಟರ್‌ಹಾಲ್ಟರ್. 1805ರಲ್ಲಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿದ ರೈತನ ಮಗ. ಮುಂದೆ ಯುರೋಪಿನ ಅರಮನೆಗಳೆಲ್ಲ ಅವನನ್ನು ಕರೆಸಿಕೊಂಡವು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ, ಫ್ರಾನ್ಸಿನ ಯೂಜೀನಿ, ಕೂದಲಲ್ಲಿ ವಜ್ರದ ನಕ್ಷತ್ರಗಳನ್ನು ಮುಡಿದ ಆಸ್ಟ್ರಿಯಾದ ಎಲಿಜಬೆತ್, ಎಲ್ಲರನ್ನೂ ಬರೆದ. ರೇಷ್ಮೆ ಮುಟ್ಟಿದರೆ ಜಾರುವಂತಿದೆ. ಮುಖಗಳೆಲ್ಲ ಸ್ವಲ್ಪ ಹೆಚ್ಚೇ ಚೆಂದ. ಈಗಿನ ಮೊಬೈಲ್ ಫಿಲ್ಟರ್ ಇದ್ದಂತೆ!

ಕಂಪನಿ ಸರಕಾರ 1834ರಲ್ಲಿ ಕೊಡಗನ್ನು ತೆಗೆದುಕೊಂಡು ರಾಜನನ್ನು ಕಾಶಿಯಲ್ಲಿಟ್ಟಿತು. 1852ರಲ್ಲಿ ಅವನು ಮಗಳೊಂದಿಗೆ ಲಂಡನ್ನಿಗೆ ಹೋದ. ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕಾಗಿ ಅಲ್ಲಿ ದಾವೆಯನ್ನೂ ಹೂಡಿದ. ಕಾಮರ್ಸ್‌ನವಳಾದ ನನಗೆ ಆ ಲೆಕ್ಕದ ಮೇಲೂ ಆಸೆ ಇದೆ, ಅದು ಇನ್ನೊಮ್ಮೆ. ಮಗಳು ಕ್ರೈಸ್ತಳಾಗಿ ಬೆಳೆಯಲು ಅವನೇ ಒಪ್ಪಿದ್ದ. ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ರಾಣಿ ತನ್ನ ಹೆಸರನ್ನೇ ಕೊಟ್ಟಳು. ಅದೇ ವರ್ಷ ಈ ಚಿತ್ರ.

ಎರಡು ವರ್ಷಗಳ ನಂತರ ಪಂಜಾಬಿನ ದುಲೀಪ್ ಸಿಂಗ್ ಅದೇ ಚಿತ್ರಕಾರನ ಮುಂದೆ ನಿಂತ. ರಾಜ್ಯ, ಕೊಹಿನೂರ್ ಎರಡನ್ನೂ ಕಳೆದುಕೊಂಡಿದ್ದ ಹದಿನೈದರ ಹುಡುಗ. ಮುಂದೆ ಬೆಳೆಯುತ್ತಾನೆಂದು ವಿಂಟರ್‌ಹಾಲ್ಟರ್ ಅವನನ್ನು ಇದ್ದದ್ದಕ್ಕಿಂತ ಎತ್ತರವಾಗಿ ಬರೆದ. ಹುಡುಗ ಅಷ್ಟು ಬೆಳೆಯಲೇ ಇಲ್ಲ. ಇವರಿಬ್ಬರಿಗೂ ಮದುವೆಯಾಗಲಿ ಎಂಬುದು ರಾಣಿಯ ಆಸೆ. ಅವನು ಒಪ್ಪಲಿಲ್ಲ. ಗೌರಮ್ಮ 1860ರಲ್ಲಿ ತನಗಿಂತ ತುಂಬಾ ದೊಡ್ಡವನಾದ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. 1864ರಲ್ಲಿ ತೀರಿಕೊಂಡಳು, ಇಪ್ಪತ್ತೆರಡಕ್ಕೇ. ಸಮಾಧಿ ಲಂಡನ್ನಿನಲ್ಲಿದೆ.

ಚಿತ್ರ ನೋಡಿದಾಗೆಲ್ಲ ನಮ್ಮ ಆಪಾ ನೆನಪಾಗುತ್ತಾಳೆ. ಹೋದ ವರ್ಷ ರಿಷ್ತೆಗೆ ಕಳಿಸಲು ಅಮ್ಮಿ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ನೆಕ್ಲೇಸ್ ಖಾಲಾ ಅವರದು. ಫೋಟೋದವರು ಗದ್ದ ಎತ್ತಿಸಿ, ದುಪಟ್ಟಾ ಸರಿಮಾಡಿಸಿ, ಓದಿದ ಹುಡುಗಿ ಅಂತ ಗೊತ್ತಾಗಲಿ ಎಂದು ಅಲ್ಲೇ ಇದ್ದ ದಪ್ಪ ಪುಸ್ತಕವೊಂದನ್ನು ಕೈಗಿಟ್ಟರು. ಅದು ಇಂಜಿನಿಯರಿಂಗ್ ಎಂಟ್ರೆನ್ಸ್ ಗೈಡ್. ಆಪಾ ಬಿ.ಕಾಂ. ಓದಿದವಳು. ಮನೆಗೆ ಬಂದು ನಾವಿಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ರಾತ್ರಿ ಮಾತ್ರ ಅವಳು ಆ ಫೋಟೋವನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದಳು.

ಮೊನ್ನೆ ಅವಳಿಗೆ ಗೌರಮ್ಮನ ಚಿತ್ರ ತೋರಿಸಿದೆ, ಕಥೆ ಏನೂ ಹೇಳದೆ. ಒಡವೆ ನೋಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯ ಹತ್ತಿರ ದೊಡ್ಡದು ಮಾಡಿ ನೋಡಿ, "ಈ ಪುಸ್ತಕ ಇವಳದೇನಾ, ಯಾರಾದರೂ ಹಿಡಿಸಿದ್ದಾ?" ಎಂದು ಕೇಳಿದಳು.