ಅರ್ಜಿ ಎಲ್ಲಿಗೆ ಬಂತು?

ಮೊನ್ನೆ ಹಬ್ಬಕ್ಕೆ ಹಳಿಯಾಳಕ್ಕೆ ಹೋಗಿದ್ದೆ. ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ, ಆಲಸ್ಯ ಅಷ್ಟೇ. ಆದರೆ ಊರಲ್ಲಿ ನಡೆದದ್ದೊಂದು ತಲೆಯಲ್ಲಿ ಕೊರೀತಾ ಇದೆ, ಬರೆದುಬಿಡೋಣ ಅಂತ ಕೂತೆ.

ಚಿಕ್ಕಪ್ಪನ ಮಗ ಆ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿದ್ದ. ಯಾವ ಕಚೇರಿ ಅನ್ನೋದು ಬೇಡ ಬಿಡಿ. ಅಲ್ಲಿಗೆ ಬರುವವರ ಪ್ರಶ್ನೆ ಒಂದೇ: "ನನ್ನ ಅರ್ಜಿ ಎಲ್ಲಿಗೆ ಬಂತ್ರೀ?"

ಹೆಚ್ಚಿನವು ಅರಣ್ಯ ಹಕ್ಕಿನ ಅರ್ಜಿಗಳು. 2006ರ ಕಾಯ್ದೆ ಪ್ರಕಾರ ಅರ್ಜಿ ಗ್ರಾಮಸಭೆಯಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗಬೇಕು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಜಾಗದಲ್ಲಿರಬೇಕು. ಉಳಿದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ಕುಣಬಿ, ಗೌಳಿಗಳು ಆಗ ಸೇರಲಿಲ್ಲ. ಅಂಥವರ ಒಂದು ಹಳೇ ಕಾಗದ ಕಳೆದರೆ 75 ವರ್ಷವೇ ಕಳೆದ ಹಾಗೆ.

ತಮ್ಮ ಏನು ಮಾಡಿದ ಗೊತ್ತಾ? ಗೂಗಲ್ ಶೀಟಿನಲ್ಲಿ ಒಂದು ಪಟ್ಟಿ ಮಾಡಿದ. ಅದರ ಮೇಲೆ ಆಪ್‌ಶೀಟ್‌ನಲ್ಲಿ ಒಂದು ಪುಟ್ಟ ಆಪ್ ಕೂರಿಸಿದ. 2020ರಲ್ಲಿ ಗೂಗಲ್ ಕೊಂಡ ಕಂಪನಿ ಅದು. ಪರೀಕ್ಷೆಗೆ ಅಂತ ಹತ್ತು ಜನರವರೆಗೆ ಪುಕ್ಕಟೆ. ಜೋಯಿಡಾದ ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಮಾಹಿತಿ ತುಂಬಬಹುದು, ಸಿಗ್ನಲ್ ಸಿಕ್ಕಾಗ ಸೇರಿಸಬಹುದು. ಖರ್ಚು ಸೊನ್ನೆ!

ಕಷ್ಟ ಬಂದದ್ದು ಹೆಸರುಗಳಲ್ಲಿ. ಜೋಯಿಡಾ ಹಳೇ ಕಾಗದಗಳಲ್ಲಿ ಸೂಪಾ ತಾಲೂಕು. ದಾಂಡೇಲಿ ಪ್ರತ್ಯೇಕ ತಾಲೂಕಾಗುವ ಮೊದಲು ಹಳಿಯಾಳದಲ್ಲಿತ್ತು. ಮೊದಲು ಟೈಪ್ ಮಾಡಿದ ಪಟ್ಟಿಗಳೋ, ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ. ಹುಡುಕಿದರೆ ಸಿಗೋದೇ ಇಲ್ಲ. (ನಮ್ಮಂಥ ಬ್ಲಾಗಿಗರಿಗೆ ಈ ಗೋಳು ಹೊಸದೇನಲ್ಲ ಬಿಡಿ :-)) "ಹಳೇ ತಾಲೂಕು" ಅಂತ ಬೇರೆ ಕಾಲಂ ಮಾಡಿ ಒಂದೊಂದೇ ಸರಿಪಡಿಸಿದ. ದಿನಗಟ್ಟಲೆ ಹುಡುಕಬೇಕಿದ್ದ ಕಡತ ಅರ್ಧ ನಿಮಿಷದಲ್ಲಿ ಸಿಗತೊಡಗಿತು.

ಆಮೇಲೆ ಗುತ್ತಿಗೆ ಮುಗಿಯಿತು. ಹೊಸಬ ಬಂದ, ಮತ್ತೆ ನೋಟ್‌ಬುಕ್ ಬಂತು. ಪಟ್ಟಿ ಇದ್ದದ್ದು ತಮ್ಮನ ಸ್ವಂತ ಜೀಮೇಲ್ ಖಾತೆಯಲ್ಲಿ!

ಹಬ್ಬದ ಮಾರನೇ ದಿನ ಒಬ್ಬ ಸಿದ್ದಿ ಅಜ್ಜ ಕಾಗದದ ಕೈಚೀಲ ಹಿಡಿದು ಮನೆಗೇ ಬಂದ. "ತಮ್ಮಾ, ನಿನ್ನ ಮೊಬೈಲ್ನ್ಯಾಗ ನನ್ನ ಅರ್ಜಿ ಇತ್ತಲ್ಲಾ, ಎಲ್ಲಿಗೆ ಬಂದೈತಿ ನೋಡಪ್ಪಾ."

ತಮ್ಮ ಮೊಬೈಲ್ ತೆಗೆದ. ಅಜ್ಜನ ಹೆಸರು, ಊರು, ಫೋನ್ ನಂಬರ್ ಎಲ್ಲಾ ಇತ್ತು. "ಅಜ್ಜಾ, ಇದು ಆರು ತಿಂಗಳ ಹಿಂದಿಂದು. ಈಗ ನಾ ಅಲ್ಲಿಲ್ಲ." ಅಜ್ಜ ನಂಬಲಿಲ್ಲ. ಮೊಬೈಲ್ನ್ಯಾಗ ಕಾಣಾಕತ್ತೈತಲ್ಲಾ ಅಂತ ಇನ್ನೊಮ್ಮೆ ಕೇಳಿದ.

ನನಗೆ ದುಃಖದ ಜೊತೆ ಹೆದರಿಕೆಯೂ ಆಯಿತು. ಕೆಲಸ ಬಿಟ್ಟವನ ಜೇಬಿನಲ್ಲಿ ಅಷ್ಟು ಜನರ ಮಾಹಿತಿ! ತಮ್ಮ ಒಳ್ಳೆಯವನು, ಸರಿ. ಇನ್ನೊಬ್ಬನಾಗಿದ್ದರೆ?

ಆಗ ಭೂಮಿ ಯೋಜನೆ ನೆನಪಾಯಿತು. 2000ದ ಸುಮಾರಿಗೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದರು. ಅದು ನಿಂತದ್ದು ಬರೀ ಸಾಫ್ಟ್‌ವೇರಿನಿಂದಲ್ಲ. ಕೈಬರಹದ ಪಹಣಿ ನಡೆಯೋದಿಲ್ಲ ಅಂತ ಸರ್ಕಾರವೇ ಹೇಳಿತು, ಬೆರಳಚ್ಚು ಕೊಟ್ಟ ನೌಕರನೇ ತಿದ್ದಬೇಕು ಅಂತಾಯಿತು. ವ್ಯಕ್ತಿ ವರ್ಗವಾದರೂ ವ್ಯವಸ್ಥೆ ಕಚೇರಿಯದೇ ಆಗಿ ಉಳಿಯಿತು.

ಅಗ್ಗದ ಸಲಕರಣೆ ಬೇಡ ಅಂತ ನಾನು ಹೇಳೋದಿಲ್ಲ. ತಾಲೂಕಿನ ಒಂದು ಚಿಕ್ಕ ಕೆಲಸಕ್ಕೆ ಕೋಟಿಯ ಟೆಂಡರ್ ಕಾಯುತ್ತಾ ಕೂರೋದಕ್ಕಿಂತ ಇದೇ ವಾಸಿ. ಆದರೆ ಖಾತೆ ಕಚೇರಿಯ ಹೆಸರಲ್ಲಿರಲಿ, ಬೀರುವಿನ ಕೀಲಿಯ ಹಾಗೆ ಚಾರ್ಜ್ ಕೊಡುವಾಗ ಪಾಸ್‌ವರ್ಡೂ ಕೈ ಬದಲಾಗಲಿ. ಬೇಡದ ಮಾಹಿತಿ ತುಂಬೋದೇ ಬೇಡ. ತಿಂಗಳಿಗೊಮ್ಮೆ ಒಂದು ಪ್ರತಿ ಮುದ್ರಿಸಿ ಇಡಲಿ.

ಸೋಮವಾರ ಇಬ್ಬರೂ ಪೆನ್‌ಡ್ರೈವಿನಲ್ಲಿ ಪಟ್ಟಿ ಹಾಕಿಕೊಂಡು ಆ ಕಚೇರಿಗೆ ಹೋದೆವು. ಜೊತೆಗೊಂದು ಅರ್ಜಿ: ಇದನ್ನು ತಮ್ಮ ಖಾತೆಗೆ ತೆಗೆದುಕೊಳ್ಳಿ, ನಮ್ಮದನ್ನು ಅಳಿಸುತ್ತೇವೆ ಅಂತ. ಸೀಲು ಹಾಕಿ ಸ್ವೀಕೃತಿ ಕೊಟ್ಟರು.

ಈಗ ತಮ್ಮನೂ ಕೇಳುತ್ತಿದ್ದಾನೆ, ಅರ್ಜಿ ಎಲ್ಲಿಗೆ ಬಂತು ಅಂತ. ಆ ಅಜ್ಜನಿಗೆ ಹೇಳಲು ನಮ್ಮ ಹತ್ತಿರ ಇನ್ನೂ ಏನೂ ಇಲ್ಲ.

ನಿಮ್ಮೂರಿನ ಕಚೇರಿಗಳಲ್ಲಿ ಇಂಥದ್ದು ಯಾರಾದರೂ ಮಾಡಿ, ಅವರು ಹೋದ ಮೇಲೂ ಉಳಿದಿದೆಯಾ? ಇದ್ದರೆ ಹೇಗೆ ಉಳಿಯಿತು ಅಂತ ದಯವಿಟ್ಟು ತಿಳಿಸಿ.